ಪೇಜ್ ತೆರೆಯುವವರೆಗೆ ತಲೆಯೊಳಗೆ ಏನು ನಡೆಯುತ್ತದೆ?

"ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ. ಬೆಳಿಗ್ಗೆ ಶ್ಯಾಂಪೂ ಹಾಕಿ ತೊಳೆದು, ಚೆನ್ನಾಗಿ ಒಣಗಿಸಿಕೊಂಡು ಬನ್ನಿ. ಕಂಡೀಷನರ್ ಬೇಡ."

ಲ್ಯಾಬಿನಿಂದ ಬಂದ ಸೂಚನೆಗಳಲ್ಲಿ ಮೊದಲನೆಯದೇ ಇದು. ನೆತ್ತಿಯ ಮೇಲೆ ಎಲೆಕ್ಟ್ರೋಡ್ ಇಟ್ಟು ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿಗೆ ಎಣ್ಣೆ ಆಗಿಬರುವುದಿಲ್ಲ. ಚರ್ಮಕ್ಕೂ ಎಲೆಕ್ಟ್ರೋಡಿಗೂ ನಡುವೆ ಎಣ್ಣೆಯ ಪದರ ಕೂತರೆ ಸಿಗ್ನಲ್ ಸರಿಯಾಗಿ ಬರುವುದೇ ಇಲ್ಲ. ನಮ್ಮ ಕಡೆಯ ಲ್ಯಾಬುಗಳಲ್ಲಿ ಇದನ್ನು ಪ್ರತಿಯೊಬ್ಬರಿಗೂ ಹೇಳಲೇಬೇಕಂತೆ.

ನಾನು ರೋಗಿಯಾಗಿ ಹೋಗಿದ್ದಲ್ಲ. ವೆಬ್‌ಸೈಟ್ ನಿಧಾನವಾದಾಗ ಬಳಸುವವರಿಗೆ ಆಗುವ ಕಿರಿಕಿರಿ ಮಿದುಳಿನ ಅಲೆಗಳಲ್ಲಿ ಕಾಣುತ್ತದಾ ಎಂದು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಒಬ್ಬ ಸಂಶೋಧಕಿ ನೋಡುತ್ತಿದ್ದರು. ಅವರ ಪ್ರಯೋಗ ಶುರುವಾಗುವ ಮುಂಚಿನ ಪೈಲಟ್, ಅಂದರೆ ಎಲ್ಲ ಸರಿಯಿದೆಯಾ ಎಂದು ನೋಡುವ ಸುತ್ತಿಗೆ, ಸ್ವಯಂಸೇವಕರು ಬೇಕಿತ್ತು. ವೆಬ್‌ಸೈಟ್‌ಗಳ ವೇಗ ನೋಡಿಕೊಳ್ಳುವುದೇ ನನ್ನ ಕೆಲಸ. ಮುಖ್ಯ ಪ್ರಯೋಗಕ್ಕೆ ನನ್ನಂಥವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಅವರು ಮೊದಲೇ ಹೇಳಿದರು. ಏನು ಅಳೆಯುತ್ತಾರೆಂದು ಗೊತ್ತಿರುವವನು ಅದಕ್ಕೇ ಗಮನ ಕೊಡುತ್ತಾನೆ, ಲೆಕ್ಕ ಕೆಡುತ್ತದೆ. ಪೈಲಟ್‌ಗೆ ಮಾತ್ರ ಅಡ್ಡಿಯಿಲ್ಲ, ಆಮೇಲೆ ನಿಮ್ಮ ಅಲೆಗಳನ್ನು ನಿಮಗೂ ತೋರಿಸುತ್ತೇನೆ ಎಂದರು. ನನಗೆ ಬೇಕಾಗಿದ್ದೂ ಅದೇ.

ನಮ್ಮ ಕೆಲಸದಲ್ಲಿ ಅಂಕಿಗಳಿಗೆ ಬರವಿಲ್ಲ. ಪೇಜಿನ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಬಟನ್ ಒತ್ತಿದ ಮೇಲೆ 200 ಮಿಲಿಸೆಕೆಂಡಿನೊಳಗೆ ಪರದೆ ಉತ್ತರ ಕೊಡಬೇಕು. ಇವು ಗೂಗಲ್ ಹಾಕಿಕೊಟ್ಟ ಗೆರೆಗಳು. ಇದಕ್ಕೂ ಹಿಂದೆ, 1993ರಲ್ಲಿ, ಕಂಪ್ಯೂಟರ್ ಬಳಕೆ ಸುಲಭವಾಗಿರಬೇಕೆಂದು ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ ಮೂರು ಮಿತಿ ಹೇಳಿದ್ದರು. 0.1 ಸೆಕೆಂಡ್ ಆದರೆ ತಕ್ಷಣ ಆಯಿತು ಅನಿಸುತ್ತದೆ. 1 ಸೆಕೆಂಡಿನವರೆಗೆ ಯೋಚನೆಯ ಓಟ ಕಡಿಯುವುದಿಲ್ಲ. 10 ಸೆಕೆಂಡ್ ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ. ಇದಕ್ಕೆ ಬುನಾದಿ, ಕಂಪ್ಯೂಟರ್ ಉತ್ತರ ಕೊಡಲು ತೆಗೆದುಕೊಳ್ಳುವ ಸಮಯದ ಬಗ್ಗೆ 1968ರಲ್ಲಿ ರಾಬರ್ಟ್ ಮಿಲ್ಲರ್ ಬರೆದ ಪ್ರಬಂಧ. ಆಗ ವೆಬ್ ಎಂಬುದೇ ಇರಲಿಲ್ಲ.

ಆದರೆ ನಾವು ದಿನವೂ ಅಳೆಯುವುದು ಯಂತ್ರವನ್ನು. ಜನರನ್ನು ಕೇಳಿದರೆ ಸಿಗುವ ಉತ್ತರ ಬೇರೆ. ನಮ್ಮ ಅಮ್ಮ ಒಂದು ಅರ್ಜಿ ತುಂಬುತ್ತಿದ್ದಾಗ ಪಕ್ಕದಲ್ಲೇ ಕೂತಿದ್ದೆ. ಬಟನ್ ಒತ್ತಿದಳು, ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಸ್ವಲ್ಪ ಹೊತ್ತಿಗೆ ಪೇಜ್ ಎಲ್ಲವನ್ನೂ ಅಳಿಸಿ ಮೊದಲಿನಿಂದ ತುಂಬಿ ಅಂದಿತು. "ನನಗೆ ಇದೆಲ್ಲ ಬರಲ್ಲ ಬಿಡು" ಎಂದು ಫೋನ್ ಕೆಳಗಿಟ್ಟಳು. ಸೈಟ್ ನಿಧಾನ ಎಂದು ಒಂದು ಮಾತೂ ಆಡಲಿಲ್ಲ. ಇಂಥವರಿಗೆ ಸಮೀಕ್ಷೆ ಫಾರ್ಮ್ ಕೊಟ್ಟರೆ "ಪರವಾಗಿಲ್ಲ" ಎಂದೇ ಗುರುತು ಹಾಕುತ್ತಾರೆ. ಬಾಯಲ್ಲಿ ಹೇಳದೆ ನುಂಗಿಕೊಂಡದ್ದನ್ನು ಬೇರೆ ಯಾವುದಾದರೂ ದಾರಿಯಲ್ಲಿ ಕಾಣಬಹುದಾ ಎಂಬ ಪ್ರಶ್ನೆ ನನ್ನನ್ನು ಆ ಲ್ಯಾಬಿಗೆ ಕರೆದುಕೊಂಡು ಹೋಯಿತು.

ಮೊದಲು ಒಪ್ಪಿಗೆ ಪತ್ರ. ಯಾವಾಗ ಬೇಕಾದರೂ ಎದ್ದು ಹೋಗಬಹುದು, ಕಾರಣ ಹೇಳಬೇಕಿಲ್ಲ. ಹೆಸರಿನ ಬದಲು ಒಂದು ಕೋಡ್ ಇರುತ್ತದೆ. ಪ್ರಯೋಗದ ಕೆಲವು ವಿವರಗಳನ್ನು ಮುಂಚೆ ಹೇಳುವುದಿಲ್ಲ, ಮುಗಿದ ಮೇಲೆ ಹೇಳುತ್ತೇವೆ ಎಂದೂ ಬರೆದಿತ್ತು. ಪೇಜನ್ನು ಬೇಕೆಂದೇ ನಿಧಾನ ಮಾಡುತ್ತೇವೆ ಎಂದು ಮೊದಲೇ ಹೇಳಿಬಿಟ್ಟರೆ ಯಾರಿಗೂ ಸಿಟ್ಟು ಬರುವುದಿಲ್ಲ ಅಲ್ವಾ?

ಆಮೇಲೆ ಅಳತೆಯ ಟೇಪ್ ಬಂತು. ಮೂಗಿನ ಬುಡದ ತಗ್ಗಿನಿಂದ ಹಿಂದಲೆಯ ಉಬ್ಬಿನವರೆಗೆ ಒಂದು ಅಳತೆ. ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಇನ್ನೊಂದು. ಎರಡೂ ಗೆರೆ ಕೂಡುವ ನಡುನೆತ್ತಿಯ ಮೇಲೆ ಪೆನ್ಸಿಲ್ ಗುರುತು. ಆ ಜಾಗದ ಹೆಸರು ಸೀ ಝೆಡ್. ಉಳಿದ ಎಲೆಕ್ಟ್ರೋಡ್‌ಗಳನ್ನೆಲ್ಲ ಈ ಅಳತೆಯ ಶೇ 10 ಮತ್ತು ಶೇ 20ರ ದೂರದಲ್ಲಿ ಇಡುತ್ತಾರೆ. ಅದಕ್ಕೇ ಇದನ್ನು ಟೆನ್-ಟ್ವೆಂಟಿ ಪದ್ಧತಿ ಎನ್ನುತ್ತಾರೆ. 1958ರಿಂದ ಜಗತ್ತಿನ ಎಲ್ಲ ಕಡೆ ಇದೇ ಲೆಕ್ಕ. ದೊಡ್ಡ ತಲೆ, ಸಣ್ಣ ತಲೆ, ಯಾರದಾದರೂ ಸರಿ, ಒಬ್ಬರ ಅಲೆಯನ್ನು ಇನ್ನೊಬ್ಬರದರ ಜೊತೆ ಹೋಲಿಸಬಹುದು.

ಈಜುಗಾರರು ಹಾಕುವಂಥ ಬಿಗಿಯಾದ ಬಟ್ಟೆಯ ಟೋಪಿ ಅದು. ಅದರಲ್ಲಿ 32 ತೂತುಗಳು. ಒಂದೊಂದು ತೂತಿನೊಳಗೂ ಮೊಂಡು ಸೂಜಿಯ ಸಿರಿಂಜ್ ಇಳಿಸಿ, ಕೂದಲನ್ನು ಪಕ್ಕಕ್ಕೆ ಸರಿಸಿ, ಚರ್ಮವನ್ನು ಮೆಲ್ಲಗೆ ಉಜ್ಜಿ, ತಣ್ಣನೆಯ ಜೆಲ್ ತುಂಬುತ್ತಾರೆ. ಕಂಪ್ಯೂಟರ್ ಪರದೆಯ ಮೇಲೆ ತಲೆಯ ಚಿತ್ರ, ಅದರ ಮೇಲೆ 32 ಚುಕ್ಕೆಗಳು. ಮೊದಲು ಎಲ್ಲವೂ ಕೆಂಪು. ಸಂಪರ್ಕ ಸಿಕ್ಕಂತೆಲ್ಲ ಹಳದಿ, ಆಮೇಲೆ ಹಸಿರು. ಹಿಂದಲೆಯ ಒಂದು ಚುಕ್ಕೆ ಬಹಳ ಹೊತ್ತು ಕೆಂಪಾಗಿಯೇ ಉಳಿಯಿತು. ಅಲ್ಲಿ ನನ್ನ ಕೂದಲು ದಟ್ಟ. ಸಂಶೋಧಕಿ ಅವಸರ ಮಾಡಲೇ ಇಲ್ಲ. ಆ ತಾಳ್ಮೆ ನೋಡಿ ನನಗೆ ಗೌರವ ಬಂತು. ಎಡಗೈಯ ಎರಡು ಬೆರಳಿಗೆ ಬೆವರನ್ನು ಅಳೆಯುವ ಸೆನ್ಸರ್ ಕಟ್ಟಿದರು. ಫೋನುಗಳನ್ನು ಹೊರಗಿಟ್ಟೆವು. ಗೋಡೆಯ ಹತ್ತಿರದ ಟ್ಯೂಬ್‌ಲೈಟ್ ಆರಿಸಿದರು. ನಮ್ಮ ಕರೆಂಟಿನ 50 ಹರ್ಟ್ಸ್ ಗುನುಗು ವೈರುಗಳಲ್ಲಿ ಸೇರಿಕೊಂಡು ಅಲೆಗಳ ಮೇಲೆ ಸವಾರಿ ಮಾಡುತ್ತದೆ. ಆಮೇಲೆ ಫಿಲ್ಟರ್ ಹಾಕಿ ತೆಗೆಯಬಹುದು, ಆದರೆ ಮೊದಲೇ ಕಮ್ಮಿ ಇದ್ದಷ್ಟೂ ಒಳ್ಳೆಯದು.

ನೆತ್ತಿಯ ಮೇಲೆ ಸಿಗುವ ಮಿದುಳಿನ ಸಿಗ್ನಲ್ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್. ಒಂದು ಮೈಕ್ರೋವೋಲ್ಟ್ ಎಂದರೆ ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಟಾರ್ಚಿನ ಸೆಲ್ಲು 1.5 ವೋಲ್ಟ್. ತಲೆಬುರುಡೆಯ ಆಚೆ ಸೋರಿ ಬರುವ ಇಷ್ಟು ಸಣ್ಣ ವಿದ್ಯುತ್ತನ್ನು ಹಿಡಿಯಬೇಕು.

"ಕಣ್ಣು ಮುಚ್ಚಿ" ಎಂದರು. ಮುಚ್ಚಿದೆ. "ತೆಗೆಯಿರಿ." ತೆಗೆದೆ. ಆಮೇಲೆ ರೆಕಾರ್ಡಿಂಗ್ ಹಿಂದಕ್ಕೆ ಓಡಿಸಿ ತೋರಿಸಿದರು. ಕಣ್ಣು ಮುಚ್ಚಿದ ತಕ್ಷಣ ಹಿಂದಲೆಯ ಗೆರೆಗಳಲ್ಲಿ ಒಂದೇ ಲಯದ ದೊಡ್ಡ ಅಲೆಗಳು ಎದ್ದಿದ್ದವು. ಸೆಕೆಂಡಿಗೆ ಸುಮಾರು ಹತ್ತು. ತೆರೆದ ಕೂಡಲೇ ಅವು ಮಾಯ. ಇದು ಆಲ್ಫಾ ಲಯ. ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ಅಲೆಗಳನ್ನು ಮೊದಲ ಸಲ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಆಲ್ಫಾ ಎಂಬ ಹೆಸರೂ ಅವರದೇ. ಓದಿ ತಿಳಿದಿದ್ದ ವಿಷಯವೇ, ಆದರೂ ನನ್ನದೇ ತಲೆಯಿಂದ ಬಂದ ಅಲೆ ನೋಡುವಾಗ ಮೈ ಜುಮ್ಮೆಂದಿತು.

ಕೆಲಸ ಇಷ್ಟೇ. ಲ್ಯಾಬಿನವರೇ ಕಟ್ಟಿದ ಒಂದು ಅಂಗಡಿ ಸೈಟ್. ಕೊಟ್ಟ ಪಟ್ಟಿಯಲ್ಲಿರುವ ಸಾಮಾನು ಹುಡುಕಬೇಕು, ಅಳತೆ ಅಥವಾ ಬಣ್ಣ ಆರಿಸಬೇಕು, ಬುಟ್ಟಿಗೆ ಹಾಕಬೇಕು, ವಿಳಾಸ ತುಂಬಬೇಕು. ಮತ್ತೆ ಇನ್ನೊಂದು ಸಾಮಾನು. ಕೆಲವು ಪೇಜ್ ತಟ್ಟನೆ ಬರುತ್ತವೆ. ಕೆಲವಕ್ಕೆ ಎರಡು ಸೆಕೆಂಡ್, ಕೆಲವಕ್ಕೆ ಆರು. ಯಾವುದು ಯಾವಾಗ ಎಂದು ಊಹಿಸಲು ಆಗುವುದಿಲ್ಲ. ಕಾಯುವಾಗ ಕೆಲವು ಸಲ ಪೂರ್ತಿ ಬಿಳಿ ಪರದೆ. ಕೆಲವು ಸಲ ಬೂದು ಬಣ್ಣದ ಖಾಲಿ ಚೌಕಗಳು, ಇಲ್ಲಿ ಚಿತ್ರ ಬರುತ್ತದೆ, ಇಲ್ಲಿ ಬೆಲೆ ಬರುತ್ತದೆ ಎಂದು ತೋರಿಸುವಂಥವು. ಇನ್ನು ಕೆಲವು ಸಲ ಪೇಜ್ ಪೂರ್ತಿ ಬಂದಿರುತ್ತದೆ, ಬಟನ್ ಕಣ್ಣ ಮುಂದೆಯೇ ಇರುತ್ತದೆ, ಒತ್ತಿದರೆ ಮಾತ್ರ ಏನೂ ಆಗುವುದಿಲ್ಲ.

ಈ ಕೊನೆಯದು ಹೇಗೆ ಆಗುತ್ತದೆ ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪೇಜಿನ ಚಿತ್ರ ಮೊದಲು ಬರುತ್ತದೆ. ಬಟನ್ ಒತ್ತಿದರೆ ಏನು ಮಾಡಬೇಕು ಎಂದು ಹೇಳುವ ಜಾವಾಸ್ಕ್ರಿಪ್ಟ್ ಹಿಂದಿನಿಂದ ಬರುತ್ತದೆ. ಅದು ದೊಡ್ಡದಾಗಿದ್ದರೆ ಫೋನಿನ ಪ್ರೊಸೆಸರ್ ಅದನ್ನು ಓದುವುದರಲ್ಲೇ ಮುಳುಗಿರುತ್ತದೆ. ಬ್ರೌಸರಿನ ಮುಖ್ಯ ಎಳೆ ಒಂದೇ. ಒಂದು ಕೆಲಸ ಮುಗಿಯುವ ತನಕ ಇನ್ನೊಂದು ಕಾಯಬೇಕು. ನಿಮ್ಮ ಒತ್ತು ಸಾಲಿನಲ್ಲಿ ನಿಂತಿರುತ್ತದೆ. ನಾವು ಕೆಲಸ ಮಾಡುವ ದುಬಾರಿ ಲ್ಯಾಪ್‌ಟಾಪ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಹತ್ತು ಸಾವಿರ ರೂಪಾಯಿಯ ಫೋನಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಆರು ಸೆಕೆಂಡಿನ ಬಿಳಿ ಪರದೆಯೇ ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ ಎಂದು ಅಂದುಕೊಂಡಿದ್ದೆ. ಹಾಗೆ ಆಗಲಿಲ್ಲ. ಬಿಳಿ ಪರದೆ ಬಂದಾಗ ಸುಮ್ನೆ ಕೂತೆ. ಆದರೆ ಸತ್ತ ಬಟನ್ ಮುಂದೆ ಮೈಯೆಲ್ಲ ಬಿಗಿಯಾಗುತ್ತಿತ್ತು. ಒತ್ತಿದ್ದು ತಾಗಿತಾ? ಮತ್ತೆ ಒತ್ತಲಾ? ಎರಡು ಸಲ ಒತ್ತಿದರೆ ಎರಡು ಸಾಮಾನು ಬುಟ್ಟಿಗೆ ಬೀಳುತ್ತದಾ? ಪ್ರತಿ ಸಲವೂ ಒಂದು ಸಣ್ಣ ಲೆಕ್ಕಾಚಾರ. ಕಾಯುವುದು ಒಂದು ಥರ, ಕಾಯಬೇಕಾ ಬೇಡವಾ ಎಂದೇ ಗೊತ್ತಾಗದಿರುವುದು ಇನ್ನೊಂದು ಥರ. ಒಂದೊಂದು ಸುತ್ತಿನ ಕೊನೆಗೂ "ಎಷ್ಟು ಕಿರಿಕಿರಿ ಆಯಿತು?" ಎಂದು 1ರಿಂದ 7ರ ಅಳತೆಪಟ್ಟಿ ಬರುತ್ತಿತ್ತು. ನಾನು ಬಹುತೇಕ ಸಲ 3 ಒತ್ತಿದೆ. ಆ ಹೊತ್ತಿಗೆ ನಿಜವಾಗಿ ಹಾಗೇ ಅನಿಸಿತ್ತು.

ಸುತ್ತುಗಳು ಬಹಳ ಇದ್ದವು, ಅದಕ್ಕೆ ಕಾರಣವಿದೆ. ಇಇಜಿಯಲ್ಲಿ ಒಂದು ಘಟನೆಗೆ ಮಿದುಳು ಕೊಡುವ ಉತ್ತರ ಬಹಳ ಸಣ್ಣದು. ಹಿನ್ನೆಲೆಯ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಅದೇ ಘಟನೆಯನ್ನು ಹತ್ತಾರು ಸಲ ಮಾಡಿಸಿ ಸರಾಸರಿ ತೆಗೆದರೆ ಗದ್ದಲ ಒಂದನ್ನೊಂದು ಕಡಿದುಕೊಂಡು ಉತ್ತರ ಮಾತ್ರ ಉಳಿಯುತ್ತದೆ. ಆದರೆ ಕಿರಿಕಿರಿ ಅಂಥ ಘಟನೆಯಲ್ಲ. ಮೊದಲ ಸಲ ಪೇಜ್ ಹೆಪ್ಪುಗಟ್ಟಿದಾಗ ಆಗುವುದು ಬೇರೆ. ಇಪ್ಪತ್ತನೇ ಸಲಕ್ಕೆ ಅದು ಬೇಸರವಾಗಿರುತ್ತದೆ, ಆಮೇಲೆ ನಿದ್ದೆ. ಈ ಅಧ್ಯಯನದ ಅತ್ಯಂತ ಕಷ್ಟದ ಗಂಟು ಇದೇ ಎಂದು ನನಗೆ ಅನಿಸಿತು. ಅಳೆಯಲು ಬೇಕಾಗಿರುವುದು ಪುನರಾವರ್ತನೆ, ಅಳೆಯಬೇಕಾದದ್ದು ಪುನರಾವರ್ತನೆಯಲ್ಲಿ ಸವೆಯುವಂಥದ್ದು.

ಕೆಲವು ವಾರದ ಮೇಲೆ ಸಂಶೋಧಕಿ ಕರೆದು ನನ್ನ ಗೆರೆಗಳನ್ನು ತೋರಿಸಿದರು. ಪರದೆಯ ವಿಡಿಯೊ, ಕ್ಲಿಕ್‌ಗಳ ಸಮಯ, ಬೆರಳಿನ ಬೆವರು, 32 ಅಲೆಗಳು, ಎಲ್ಲವೂ ಒಂದೇ ಕಾಲರೇಖೆಯ ಮೇಲೆ. ಈ ಜೋಡಣೆ ಇಲ್ಲದಿದ್ದರೆ ಅಲೆಗಳಿಗೆ ಅರ್ಥವೇ ಇಲ್ಲ. ಕಣ್ಣು ರೆಪ್ಪೆ ಬಡಿದಲ್ಲೆಲ್ಲ ಹಣೆಯ ಗೆರೆಗಳಲ್ಲಿ ದೊಡ್ಡ ಗುಡ್ಡಗಳು. ಅವನ್ನು ಗಣಿತದಿಂದ ಬಿಡಿಸಿ ತೆಗೆಯುತ್ತಾರೆ.

ಬಿಳಿ ಪರದೆಯ ಆರು ಸೆಕೆಂಡಿನಲ್ಲಿ, ಮೊದಲ ಒಂದೆರಡು ಸೆಕೆಂಡ್ ಆದಮೇಲೆ, ಹಿಂದಲೆಯಲ್ಲಿ ಆಲ್ಫಾ ಮೆಲ್ಲಗೆ ಏರುತ್ತಿತ್ತು. ಕಣ್ಣು ತೆರೆದೇ ಇತ್ತು, ಆದರೂ ಏರಿತ್ತು. ಗಮನ ಪರದೆಯಿಂದ ಹಿಂದೆ ಸರಿದಾಗ ಹೀಗಾಗುವುದುಂಟು. ಪೇಜ್ ಬಂದ ಕೂಡಲೇ ಆಲ್ಫಾ ಬಿದ್ದು, ತಲೆಯ ಮುಂಭಾಗದ ನಡುವಿನ ಎಲೆಕ್ಟ್ರೋಡಿನಲ್ಲಿ ಥೀಟಾ, ಅಂದರೆ ಸೆಕೆಂಡಿಗೆ 4ರಿಂದ 8ರ ಅಲೆ, ಜಾಸ್ತಿಯಾಗಿತ್ತು. ಮಿದುಳು ಕಷ್ಟಪಟ್ಟು ಏನನ್ನಾದರೂ ಹಿಡಿದಿಟ್ಟುಕೊಳ್ಳುವಾಗ ಅಲ್ಲಿ ಥೀಟಾ ಏರುವುದು ಬಹಳ ಅಧ್ಯಯನಗಳಲ್ಲಿ ಕಂಡಿದೆ. "ಏನು ಹುಡುಕುತ್ತಿದ್ದೆ ಎಂದು ನೀವು ಮತ್ತೆ ನೆನಪು ಮಾಡಿಕೊಳ್ಳುತ್ತಿರಬಹುದು" ಎಂದರು. 'ಬಹುದು' ಎಂಬುದಕ್ಕೆ ಒತ್ತು ಕೊಟ್ಟೇ ಹೇಳಿದರು. ಒಬ್ಬನ ಗೆರೆಗಳಿಂದ ಇಷ್ಟಕ್ಕಿಂತ ಜಾಸ್ತಿ ಹೇಳುವ ಹಾಗಿಲ್ಲ. ಬೂದು ಚೌಕಗಳು ಇದ್ದಾಗ ನನ್ನಲ್ಲಿ ಆಲ್ಫಾ ಅಷ್ಟು ಏರಿರಲಿಲ್ಲ.

ಸತ್ತ ಬಟನ್ ಇದ್ದ ಜಾಗಗಳಿಗೆ ಬಂದಾಗ ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ಎರಡೂ ಕಣತಲೆಯ ಮೇಲಿನ, ಕಿವಿಯ ಪಕ್ಕದ ಗೆರೆಗಳು ಇದ್ದಕ್ಕಿದ್ದಂತೆ ದಪ್ಪಗಾಗಿ ಕಪ್ಪು ಪಟ್ಟಿಯ ಹಾಗೆ ಆಗಿದ್ದವು. ಇದೇನು ಎಂದು ಕೇಳಿದೆ. "ಇದು ಮಿದುಳಲ್ಲ, ದವಡೆ. ನೀವು ಹಲ್ಲು ಕಚ್ಚಿದ್ದೀರಿ." ದವಡೆಯ ಸ್ನಾಯು ಕಣತಲೆಯವರೆಗೆ ಹರಡಿರುತ್ತದೆ. ಅದು ಬಿಗಿಯಾದರೆ ಅದರ ವಿದ್ಯುತ್ತು ಮಿದುಳಿನ ಸಿಗ್ನಲನ್ನು ಮುಚ್ಚಿಹಾಕುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ಇಂಥ ತುಂಡುಗಳನ್ನು ಕಸವೆಂದು ಕತ್ತರಿಸಿ ಬಿಸಾಡುತ್ತಾರೆ. ವಿಡಿಯೊ ಓಡಿಸಿದೆವು. ಪ್ರತಿ ಕಪ್ಪು ಪಟ್ಟಿಯೂ ಎರಡನೇ ಕ್ಲಿಕ್ಕಿಗೆ ಸ್ವಲ್ಪ ಮುಂಚೆ. ಒಂದೆರಡು ಸೆಕೆಂಡ್ ಬಿಟ್ಟು ಬೆರಳಿನ ಬೆವರಿನ ಗೆರೆಯೂ ಏರುತ್ತಿತ್ತು. ಬೆವರು ಯಾವಾಗಲೂ ಹೀಗೆ ತಡವಾಗಿ ಹೇಳುತ್ತದೆ. ಅದೇ ಸುತ್ತಿನ ಕೊನೆಗೆ ನಾನು ಒತ್ತಿದ್ದು 3.

ನಾನು ಹಲ್ಲು ಕಚ್ಚಿದ್ದು ನನಗೆ ಗೊತ್ತೇ ಇರಲಿಲ್ಲ. ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ.

ಇದು ಹೊಸ ಕಂಡುಹಿಡಿಕೆ ಏನಲ್ಲ. 2003ರಲ್ಲೇ ರಿಚರ್ಡ್ ಹ್ಯಾಜ್ಲೆಟ್ ಎಂಬವರು ಹುಬ್ಬು ಗಂಟಿಕ್ಕುವ ಸ್ನಾಯುವಿನ ವಿದ್ಯುತ್ ಅಳೆದು ವೆಬ್‌ಸೈಟ್ ಬಳಸುವವರ ಹತಾಶೆಯನ್ನು ಗುರುತಿಸಲು ನೋಡಿದ್ದರು. ಅದರ ಹಿಂದಿನ ವರ್ಷ ಅಮೆರಿಕದ ಎಂಐಟಿಯಲ್ಲಿ ರೊಸಾಲಿಂಡ್ ಪಿಕಾರ್ಡ್ ಅವರ ಗುಂಪು ಒಂದು ಕಂಪ್ಯೂಟರ್ ಆಟದಲ್ಲಿ ಮೌಸ್ ಆಗಾಗ ಸಿಕ್ಕಿಕೊಳ್ಳುವಂತೆ ಬೇಕೆಂದೇ ಮಾಡಿ, ಆಡುವವರ ಚರ್ಮದ ಬೆವರು ಮತ್ತು ನಾಡಿಯನ್ನು ಅಳೆದು ಬರೆದಿತ್ತು. ಮೌಸ್ ಸಿಕ್ಕಿಕೊಳ್ಳುವುದೂ ಬಟನ್ ಸಾಯುವುದೂ ಒಂದೇ ಜಾತಿಯ ತೊಂದರೆ ಎಂದು ಈಗ ನನಗೆ ಅನಿಸುತ್ತದೆ.

ಇನ್ನು ನಮ್ಮ ಕ್ಷೇತ್ರದ ಭಾಷಣಗಳಲ್ಲಿ ಪದೇ ಪದೇ ಕೇಳುವ ಎರಡು ಅಂಕಿಗಳಿವೆ. 2010ರ ಆಸುಪಾಸಿನಲ್ಲಿ ಫೋವಿಯನ್ಸ್ ಎಂಬ ಸಂಸ್ಥೆ ಗ್ಲಾಸ್ಗೋ ಕ್ಯಾಲಿಡೋನಿಯನ್ ವಿಶ್ವವಿದ್ಯಾಲಯದಲ್ಲಿ ಇಇಜಿ ಟೋಪಿ ಹಾಕಿಸಿ ನೋಡಿ, ಕೆಟ್ಟ ಸೈಟ್ ಬಳಸುವವರು ಶೇ 50ರಷ್ಟು ಜಾಸ್ತಿ ಏಕಾಗ್ರತೆ ಹಾಕಬೇಕಾಗುತ್ತದೆ ಎಂದಿತು. 2013ರಲ್ಲಿ ರ‍್ಯಾಡ್‌ವೇರ್ ಕಂಪನಿ ಮೊಬೈಲ್ ಅಂಗಡಿ ಸೈಟ್‌ಗಳ ಮೇಲೆ ಇದೇ ಥರದ ಕೆಲಸ ಮಾಡಿಸಿತು. ಸಂಪರ್ಕಕ್ಕೆ 500 ಮಿಲಿಸೆಕೆಂಡ್ ತಡ ಸೇರಿಸಿದರೆ ಹತಾಶೆಯ ಗರಿಷ್ಠ ಮಟ್ಟ ಶೇ 26ರವರೆಗೆ ಏರಿತು, ತೊಡಗಿಕೊಳ್ಳುವಿಕೆ ಶೇ 8ರವರೆಗೆ ಇಳಿಯಿತು ಎಂಬುದು ಅದರ ಫಲಿತಾಂಶ. ಇವು ಮಾಡಿದ ಉಪಕಾರ ದೊಡ್ಡದು. ಅರ್ಧ ಸೆಕೆಂಡ್ ಯಾರಿಗೆ ಗೊತ್ತಾಗುತ್ತದೆ ಎಂದು ಕೇಳುವವರಿಗೆ ಒಂದು ಉತ್ತರ ಸಿಕ್ಕಿತು. ಆದರೆ ಈ ಶೇಕಡಾಗಳನ್ನು ಹಾಗ್ಹಾಗೇ ಬಳಸಲು ನನಗೆ ಈಗ ಮನಸ್ಸಿಲ್ಲ. ಮಿದುಳಿನಲ್ಲಿ 'ಹತಾಶೆಯ ಅಲೆ' ಎಂಬುದೊಂದು ಇಲ್ಲ. ಥೀಟಾ ಏರಿದರೆ ಅದು ಸಿಟ್ಟೂ ಇರಬಹುದು, ಆಸಕ್ತಿಯಿಂದ ಲೆಕ್ಕ ಬಿಡಿಸುತ್ತಿರುವುದೂ ಇರಬಹುದು. ಅಲೆಯನ್ನು ನೋಡಿ ಹಿಂದಕ್ಕೆ ನಡೆದು ಭಾವನೆಯ ಹೆಸರು ಹೇಳುವುದು ಜಾರುವ ದಾರಿ. ರಸೆಲ್ ಪೋಲ್ಡ್ರ್ಯಾಕ್ ಎಂಬ ನರವಿಜ್ಞಾನಿ 2006ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದಾರೆ. ಅವರು ಹೇಳಿದ್ದು ಮಿದುಳಿನ ಸ್ಕ್ಯಾನ್‌ಗಳ ಬಗ್ಗೆ, ಆದರೆ ಇಲ್ಲಿಗೂ ಅಷ್ಟೇ ಸಲ್ಲುತ್ತದೆ.

ಹಾಗಾದರೆ ಟೋಪಿ ಯಾಕೆ ಬೇಕು? ಅದು ಎಲ್ಲಿ ನೋಡಬೇಕು ಎಂದು ಹೇಳುತ್ತದೆ. ಅರ್ಧ ಗಂಟೆಯ ವಿಡಿಯೊದಲ್ಲಿ ಈ ನಾಲ್ಕು ಸೆಕೆಂಡ್ ನೋಡಿ, ಇಲ್ಲಿ ಏನೋ ಆಗಿದೆ ಎಂದು ಬೊಟ್ಟು ಮಾಡುತ್ತದೆ. ಅಲ್ಲಿಗೆ ಹೋಗಿ ವಿಡಿಯೊ ನೋಡಿ, ಕ್ಲಿಕ್ ನೋಡಿ, ಆ ವ್ಯಕ್ತಿಯನ್ನೇ ಕೂರಿಸಿಕೊಂಡು ಕೇಳಿದರೆ ವಿಷಯ ಹೊರಬರುತ್ತದೆ. ತುಣುಕನ್ನು ನೋಡಿದ ಮೇಲೆ ನಾನೇ "ಹೌದು, ಇಲ್ಲಿ ರೋಸಿಹೋಗಿತ್ತು" ಎಂದೆ. ಅಳತೆಪಟ್ಟಿಯ ಮೇಲೆ ಅದು ಬಂದಿರಲಿಲ್ಲ.

ಆಫೀಸಿಗೆ ಬಂದು ಮೊದಲು ಮಾಡಿದ್ದು, ನಮ್ಮ ಅರ್ಜಿ ಪೇಜಿನ ಬಟನ್‌ಗಳ ಲೆಕ್ಕ ತೆಗೆದದ್ದು. ಪೇಜ್ ಎಷ್ಟು ಬೇಗ ಕಾಣುತ್ತದೆ ಎಂಬುದರ ಮೇಲೆಯೇ ನಮ್ಮ ಗಮನವೆಲ್ಲ ಇತ್ತು. ಕಂಡ ಮೇಲೆ ಎಷ್ಟು ಹೊತ್ತು ಬಟನ್ ಸತ್ತಿರುತ್ತದೆ ಎಂದು ಕಮ್ಮಿ ಬೆಲೆಯ ಫೋನಿನಲ್ಲಿ ಅಳೆದೆವು. ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು. ಈಗ ಒತ್ತಿದ ಕೂಡಲೇ ಬೇರೇನೂ ಮಾಡುವ ಮುಂಚೆ ಬಟನ್ ಬಣ್ಣ ಬದಲಿಸುತ್ತದೆ, "ಕಳುಹಿಸುತ್ತಿದ್ದೇವೆ" ಎಂದು ತೋರಿಸುತ್ತದೆ. ಎರಡನೇ ಸಲ ಒತ್ತಿದರೂ ಅರ್ಜಿ ಎರಡಾಗುವುದಿಲ್ಲ. ತುಂಬಿದ್ದು ಅಳಿಸಿಹೋಗದಂತೆ ಫೋನಿನಲ್ಲೇ ಉಳಿಸುತ್ತೇವೆ. ಸರ್ವರ್ ಒಂದು ಕೂದಲೆಳೆಯಷ್ಟೂ ವೇಗವಾಗಿಲ್ಲ. ಆದರೂ ಒಂದೇ ಬಟನ್ ಮೇಲೆ ಪದೇ ಪದೇ ಒತ್ತುವವರು ಕಮ್ಮಿಯಾಗಿದ್ದಾರೆ.

ಲ್ಯಾಬಿನಲ್ಲೂ ಪೈಲಟ್ ಆದಮೇಲೆ ಕೆಲವು ಬದಲಾವಣೆ ಆಗಿವೆ. ಹುಬ್ಬಿಗೆ ಮತ್ತು ದವಡೆಗೆ ಬೇರೆಯೇ ಸೆನ್ಸರ್ ಸೇರಿಸಿದ್ದಾರೆ. ಕಸವೆಂದು ಕತ್ತರಿಸುತ್ತಿದ್ದ ತುಂಡುಗಳನ್ನು ಈಗ ಪ್ರತ್ಯೇಕ ಫೈಲಿನಲ್ಲಿ ಇಡುತ್ತಾರೆ. ಸುತ್ತುಗಳನ್ನು ಕಮ್ಮಿ ಮಾಡಿ, ಜನರನ್ನು ಜಾಸ್ತಿ ಮಾಡಿದ್ದಾರೆ, ಕಿರಿಕಿರಿ ಬೇಸರವಾಗಿ ಸವೆಯುವ ಮುಂಚೆ ಹಿಡಿಯಲು. ಬರುವವರೆಲ್ಲ ಕಾಲೇಜು ಹುಡುಗರು ಹುಡುಗಿಯರೇ ಆದರೆ ಸಾಲದು, ಅರವತ್ತು ದಾಟಿದವರೂ ಬೇಕು, ಅವರು ದಿನವೂ ಬಳಸುವ ಫೋನಿನಲ್ಲೇ ಅಳೆಯಬೇಕು ಎಂದು ನಾನು ಕೇಳಿಕೊಂಡೆ. ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಮತ್ತೆ ತೆಗೆದುಕೊಳ್ಳಬೇಕು. ಅರ್ಜಿ ಹಾಕಿದ್ದಾರೆ.